ಮಾತಾಡದವರ ಫೋನು

ಮುಂಬಯಿಯ ಮುಲುಂಡಿನಲ್ಲಿ ಫೋನ್ ಕಂಪನಿಯ ಟ್ರೇನಿಂಗ್ ಕೋಣೆಯಲ್ಲಿ ಅವತ್ತು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರ ಒಂದು ಹಿಂಡು ಇತ್ತು. ಅವರನ್ನು ಹದ್ದುಬಸ್ತಿನಲ್ಲಿಡಲು ಒಬ್ಬ ಮೇಡಂ ಇದ್ದರು. ನಿವೃತ್ತರ ಕಡೆಯಿಂದ ನಾನು ಮತ್ತು ನನ್ನ ಹಳೆಯ ಜೊತೆಗಾರ ಸಾವಂತ. ಏಸಿಯ ಚಳಿಗೆ ಸಾವಂತ ಕಿವಿಗೆ ಕರವಸ್ತ್ರ ಕಟ್ಟಿಕೊಂಡು ಕೂತಿದ್ದ. ‘ಅಂಕಲ್, ಇವರಿಗೆ ಸ್ವಲ್ಪ ಇನ್‌ಸ್ಪೈರಿಂಗ್ ಆಗಿ ಏನಾದರೂ ಹೇಳಿ’ ಎಂದು ಮೇಡಂ ಮೊದಲೇ ತಾಕೀತು ಮಾಡಿದ್ದರು. ಸಾವಂತ ಎದ್ದು ತನಗೆ ಬಂದ ಬಡ್ತಿಗಳ ಕಥೆಯನ್ನು, ಅವನ್ನು ತಡೆಹಿಡಿದವರ ಹೆಸರು ಸಮೇತ, ಒಂದನ್ನೂ ಬಿಡದೆ ಹೇಳಿದ. ನನ್ನ ಸರದಿ ಬರುವಷ್ಟರಲ್ಲಿ ಬಾಗಿಲ ಕಡೆಯಿಂದ ವಡಾಪಾವಿನ ವಾಸನೆ ಬರತೊಡಗಿತ್ತು. ಕೇಳುವವರ ಹೊಟ್ಟೆಯ ಮೇಲೆ ಹೊಡೆಯಬಾರದೆಂದು ನಾನು ‘ಎಲ್ಲರೂ ಚೆನ್ನಾಗಿ ಕೆಲಸ ಮಾಡಿ’ ಎಂದಷ್ಟೇ ಹೇಳಿ ಕೂತೆ. ಅವತ್ತಿನ ಭಾಷಣಗಳಲ್ಲಿ ಅತಿ ಹೆಚ್ಚು ಚಪ್ಪಾಳೆ ಬಿದ್ದದ್ದು ನನ್ನದಕ್ಕೆ.

ಹೊರಡುವಾಗ ಲಿಫ್ಟಿನಲ್ಲಿ ಒಬ್ಬ ಹುಡುಗಿ ಜೊತೆಯಾದಳು. ಅವಳ ತಾಯಿಯ ತವರು ಮೈಸೂರಿನ ಕಡೆಯಂತೆ. ‘ಅಂಕಲ್, ಈ ಜಾಬ್ ಆಕ್ಚುಲಿ ಹೇಗೆ ಇರತ್ತೆ? ಮತ್ಲಬ್, ರಿಯಲ್ ಮೇ?’ ಎಂದಳು. ನಾನು ಬಾಯಿ ತೆರೆಯುವ ಹೊತ್ತಿಗೆ ಲಿಫ್ಟ್ ಕೆಳಗೆ ಬಂದುಬಿಟ್ಟಿತ್ತು. ಅವಳಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದು ಅನುಮಾನ. ತಾಯಿ ಓದಿ ಹೇಳಲಿ.

ನನ್ನ ಕನ್ನಡವೂ ಓದಿ ಬಂದದ್ದಲ್ಲ. ಆಂಟಾಪ್ ಹಿಲ್ಲಿನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಅಜ್ಜಿ ಮತ್ತು ಅವಳ ವಾರಗೆಯವರ ಬಾಯಿಂದ ಕಿವಿಗೆ ಬಿದ್ದದ್ದು. ಶಾಲೆಯಲ್ಲಿ ಮರಾಠಿ, ಕೆಳಗೆ ಅಂಗಳದಲ್ಲಿ ಹಿಂದಿ, ಮೇಲೆ ಮನೆಯಲ್ಲಿ ಅಜ್ಜಿ. ಆಮೇಲೆ ಹೊಟ್ಟೆಪಾಡಿಗೆ ಸಿಕ್ಕಿದ್ದು ಫೋನಿನ ಕೆಲಸ. ಅಂದರೆ, ಬೇರೆಯವರ ಮಾತು ಬೇರೆಯವರಿಗೆ ತಲುಪುವಂತೆ ನೋಡಿಕೊಂಡು ನಾವು ಬಾಯಿ ಮುಚ್ಚಿಕೊಂಡು ಎದ್ದು ಬರುವುದು.

ನಾನು ಸೇರಿದಾಗ ಅದು ಏಣಿಯ ಕೆಲಸವಾಗಿತ್ತು. ಗೋಡೆ ಹತ್ತುವುದು, ಪಾರಿವಾಳದ ಗೂಡು ಸರಿಸುವುದು, ತುಕ್ಕು ಹಿಡಿದ ಪೆಟ್ಟಿಗೆ ತೆಗೆದು ತಂತಿ ಹುಡುಕುವುದು. ಸಂಜೆ ಲೋಕಲ್ ರೈಲಿನಲ್ಲಿ ಜನ ನಮ್ಮಿಂದ ಒಂದು ಗೇಣು ದೂರ ನಿಲ್ಲುತ್ತಿದ್ದರು, ಅಷ್ಟು ಕೊಳೆ. ಆ ಒಂದು ಗೇಣು ಜಾಗ ಸೆಂಟ್ರಲ್ ಲೈನಿನಲ್ಲಿ ದೊಡ್ಡ ಸಾಹೇಬರಿಗೂ ಸಿಗುತ್ತಿರಲಿಲ್ಲ. ಕೊನೆಯ ವರ್ಷಗಳಲ್ಲಿ ಒಂದು ಖಾಸಗಿ ಕಂಪನಿಗೆ ಬಂದೆ. ಅಲ್ಲಿ ಏಣಿಯ ಬದಲು ಲ್ಯಾಪ್‌ಟಾಪ್ ಕೊಟ್ಟರು. ಇಂಟರ್ನೆಟ್ಟಿನ ಲೈನಿಗೂ ಮನೆಯ ಹಳೆಯ ಫೋನಿಗೂ ನಡುವೆ ಅಂಗೈಯಗಲದ ಒಂದು ಪೆಟ್ಟಿಗೆ ಕೂಡಿಸುವುದು ನಮ್ಮ ಕೆಲಸ. ಅದಕ್ಕೆ ಅಡಾಪ್ಟರ್ ಎನ್ನುತ್ತಾರೆ. ಅದರ ಹೊಟ್ಟೆಯೊಳಗೆ ಒಂದು ಪುಟ ಇರುತ್ತದೆ, ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಬಹುದು. ಎಷ್ಟು ಸಲ ಗಂಟೆ ಹೊಡೆಯಬೇಕು, ಎತ್ತದಿದ್ದರೆ ಕರೆಯನ್ನು ಯಾವ ನಂಬರಿಗೆ ದಾಟಿಸಬೇಕು, ಮಾತಿನ ನಡುವೆ ಇನ್ನೊಂದು ಕರೆ ಬಂದರೆ ಏನು ಮಾಡಬೇಕು, ಎಲ್ಲಕ್ಕೂ ಅಲ್ಲಿ ಒಂದೊಂದು ಸೆಟ್ಟಿಂಗು. ಟಿಕ್ ಹಾಕಬೇಕು ಅಥವಾ ತೆಗೆಯಬೇಕು. ಕೈ ಕೊಳೆಯಾಗುವುದಿಲ್ಲ. ಲೋಕಲ್ಲಿನಲ್ಲಿ ಜನ ಮತ್ತೆ ಮೈಮೇಲೆ ಬೀಳತೊಡಗಿದರು.

ದಹಿಸರದಲ್ಲಿ ಪರದೆ ಬಟ್ಟೆಯ ಅಂಗಡಿಯಿಟ್ಟಿದ್ದ ಹಸಮುಖಭಾಯಿಯನ್ನು ಮರೆಯುವಂತಿಲ್ಲ. ಒಬ್ಬ ಗಿರಾಕಿಯೂ ಕೈತಪ್ಪಬಾರದೆಂಬುದು ಅವರ ವ್ರತ. ಅಂಗಡಿಯ ಫೋನ್ ಎತ್ತದಿದ್ದರೆ ಕರೆ ಮನೆಗೆ ಹೋಗಲಿ ಎಂದರು, ಮಾಡಿಕೊಟ್ಟೆ. ವಾರ ಕಳೆದ ಮೇಲೆ ಮನೆಯ ಫೋನ್ ಎತ್ತದಿದ್ದರೆ ಕರೆ ಅಂಗಡಿಗೆ ಬರಲಿ ಎಂದರು.

‘ಶೇಠ್, ಎರಡೂ ಕಡೆ ಯಾರೂ ಇಲ್ಲದಾಗ?’

‘ಅದು ನಿಮ್ಮ ಮಶೀನಿನ ತಲೆನೋವು. ಕಸ್ಟಮರ್ ಮಿಸ್ ನಹೀ ಹೋನಾ ಚಾಹಿಯೇ.’

ಅದನ್ನೂ ಮಾಡಿಕೊಟ್ಟೆ. ಮುಂದಿನ ಭಾನುವಾರ ಅವರು ಸಂಸಾರ ಸಮೇತ ಮದುವೆಗೆ ಹೋದರು. ಯಾವನೋ ಒಬ್ಬ ಗಿರಾಕಿ ಫೋನ್ ಮಾಡಿದ. ಅಂಗಡಿ ಅವನನ್ನು ಮನೆಗೆ ಕಳಿಸಿತು, ಮನೆ ಅಂಗಡಿಗೆ ಕಳಿಸಿತು, ಅಂಗಡಿ ಮತ್ತೆ ಮನೆಗೆ. ಹಸಮುಖಭಾಯಿ ಮಾತ್ರ ಬಹಳ ದಿನ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದರು, ‘ನೋಡಿ, ಅವತ್ತೂ ಗಿರಾಕಿ ನಮ್ಮ ಕೈ ಬಿಟ್ಟು ಹೋಗಲಿಲ್ಲ.’

ಆಂಟಾಪ್ ಹಿಲ್ಲಿನ ನಿವೃತ್ತ ಟೀಚರ್ ಲಲಿತಮ್ಮನವರದು ಇನ್ನೊಂದು ಬಗೆ. ಅವರು ನಂಬರು ಒತ್ತುವ ರೀತಿ ಹೀಗೆ: ಕನ್ನಡಕ ಮೂಗಿಗೇರಿಸಿ ಒಂದು ಅಂಕಿ ನೋಡುವುದು, ಗಟ್ಟಿಯಾಗಿ ಓದುವುದು, ಕನ್ನಡಕ ಇಳಿಸಿ ಗುಂಡಿ ಹುಡುಕುವುದು, ಒತ್ತುವುದು, ಮತ್ತೆ ಕನ್ನಡಕ. ಪೆಟ್ಟಿಗೆಗೆ ಅಷ್ಟು ತಾಳ್ಮೆ ಇಲ್ಲ. ಕೆಲವು ಸೆಕೆಂಡು ಬೆರಳು ಆಡದಿದ್ದರೆ ನಂಬರು ಮುಗಿಯಿತೆಂದುಕೊಂಡು, ಒತ್ತಿದಷ್ಟಕ್ಕೇ ಕರೆ ಹಚ್ಚಿಬಿಡುತ್ತದೆ. ಆ ನಂಬರು ಇಲ್ಲವೆಂದು ಒಬ್ಬ ಹೆಂಗಸಿನ ಧ್ವನಿ ಹೇಳುತ್ತದೆ.

‘ನಾನು ಒತ್ತುತ್ತಾ ಇರೋವಾಗಲೇ ನಡುವೆ ಬಾಯಿ ಹಾಕ್ತಾಳಲ್ಲಪ್ಪಾ, ಆ ಹುಡುಗಿಗೆ ಸ್ವಲ್ಪ ಬುದ್ಧಿ ಹೇಳು. ನನ್ನ ಕ್ಲಾಸಿನಲ್ಲಾಗಿದ್ರೆ ಹೊರಗೆ ನಿಲ್ಲಿಸ್ತಿದ್ದೆ’ ಎಂದರು ಲಲಿತಮ್ಮ.

ಕಾಯುವ ಹೊತ್ತನ್ನು ಪುಟದಲ್ಲಿ ಹೆಚ್ಚಿಸಿ ಬಂದೆ. ‘ಹುಡುಗಿ ಸುಧಾರಿಸಿದ್ದಾಳೆ’ ಎಂದು ಅವರೇ ಆಫೀಸಿಗೆ ಫೋನ್ ಮಾಡಿ ತಿಳಿಸಿದರು.

ಇನ್ನು ಮೇಲಧಿಕಾರಿಗಳ ವಿಷಯ. ನಮ್ಮ ಪಾಟಣಕರ್ ಸಾಹೇಬರು ಕೆಟ್ಟವರಲ್ಲ. ದೀಪಾವಳಿಗೆ ಎಲ್ಲರಿಗೂ ತಾವೇ ನಿಂತು ಚಕ್ಕುಲಿ ಹಂಚುತ್ತಿದ್ದರು. ಅವರಿಗಿದ್ದದ್ದು ಒಂದೇ ನಂಬಿಕೆ: ಮುಚ್ಚಿದ ದೂರು ಒಳ್ಳೆಯ ದೂರು. ಮುಚ್ಚುವ ವಿಧಾನವನ್ನೂ ಅವರೇ ಗೊತ್ತುಮಾಡಿದ್ದರು. ಗಿರಾಕಿಯ ರಿಸೀವರ್ ಎತ್ತಬೇಕು, ಆಫೀಸಿಗೆ ಫೋನ್ ಮಾಡಬೇಕು, ‘ಹಲೋ ಹಲೋ, ಒಂದು ಎರಡು ಮೂರು’ ಎಂದು ಹೇಳುತ್ತ ಹೋಗಬೇಕು. ಆ ತುದಿಯಲ್ಲಿ ಸಾವಂತ ‘ಸುನಾಯೀ ದೇತಾ ಹೈ, ಗಾನಾ ಮತ್ ಗಾ’, ಅಂದರೆ ಕೇಳಿಸುತ್ತಿದೆ, ಹಾಡಬೇಡ, ಎಂದರೆ ಫೋನ್ ಸರಿಯಿದೆ ಎಂದರ್ಥ. ನಾವೆಲ್ಲ ಹಾಗೆಯೇ ಮಾಡುತ್ತಿದ್ದೆವು. ಇಡೀ ಮುಂಬಯಿಯ ಫೋನಿನವರು ಅಪ್ಪನ ಕಾಲದಿಂದ ಹಾಗೆಯೇ ಮಾಡುತ್ತ ಬಂದಿದ್ದರು. ಅದರಲ್ಲಿದ್ದ ತಪ್ಪನ್ನು ತೋರಿಸಿಕೊಟ್ಟದ್ದು ಬಸವರಾಜಪ್ಪನವರ ಮನೆಯ ಫೋನು.

ಬಸವರಾಜಪ್ಪ ಗದಗಿನ ಕಡೆಯವರು. ಕಟ್ಟಡದ ಕೆಲಸಕ್ಕೆಂದು ಚಿಕ್ಕ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಸೂಪರ್‌ವೈಸರ್ ಆಗಿ, ಮುಲುಂಡಿನ ಒಂದು ಸೊಸೈಟಿಯಲ್ಲಿ ಸ್ವಂತ ಮನೆ ಮಾಡಿದ್ದರು. ಕೆಳಗೆ ನಿಂತು ಕೂಗಿದರೆ ಹನ್ನೆರಡನೇ ಮಹಡಿಯಲ್ಲಿ ಸಿಮೆಂಟ್ ಕಲಸುವವನು ಓಗೊಡುತ್ತಿದ್ದನಂತೆ. ಲಕ್ವ ಹೊಡೆದು ಆ ಧ್ವನಿ ಹೋಯಿತು, ಬಲಗೈಯೂ ಹೋಯಿತು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ತಿರುಗಿ ಒಂದು ‘ಹೂಂ’ ಕೂಡ ಬರುತ್ತಿರಲಿಲ್ಲ. ಅವರ ತಂಗಿ ನೀಲವ್ವ ದಹಿಸರದಲ್ಲಿದ್ದಳು. ದಿನಾ ಬೆಳಗ್ಗೆ ಮನೆಗೆಲಸ ಮುಗಿಸಿ ಅಣ್ಣನಿಗೆ ಫೋನ್ ಮಾಡುತ್ತಿದ್ದಳು. ನೀರು ಬಂತೋ ಇಲ್ಲವೋ, ಬದನೆಕಾಯಿ ಏನು ರೇಟು, ರೈಲಿನ ಲೇಡೀಸ್ ಡಬ್ಬಿಯಲ್ಲಿ ಯಾರು ಯಾರ ಜೊತೆ ಜಗಳ ತೆಗೆದರು, ಎಲ್ಲವನ್ನೂ ಅವಳು ಹೇಳುವುದು, ಇವರು ಕೇಳುವುದು. ಮೊಬೈಲ್ ಹಿಡಿದರೆ ಕೆನ್ನೆ ತಗುಲಿ ಕಟ್ ಆಗುತ್ತಿತ್ತು. ಅದಕ್ಕೇ ಹಳೆಯ ಫೋನು. ಅದರ ರಿಸೀವರನ್ನು ಎಡಗೈಯಲ್ಲಿ ಕಿವಿಗೊತ್ತಿಕೊಂಡು ತಾಸುಗಟ್ಟಲೆ ಕೂರುತ್ತಿದ್ದರು. ದಿನದಲ್ಲಿ ಅವರ ಮುಖ ಅರಳುತ್ತಿದ್ದದ್ದು ಆಗ ಮಾತ್ರ ಎಂದು ಹೆಂಡತಿ ಗಂಗವ್ವ ಹೇಳುತ್ತಿದ್ದರು.

ಆ ಫೋನು ಅರ್ಧ ನಿಮಿಷಕ್ಕೆ ಕಟ್ ಆಗತೊಡಗಿತು. ಗಂಗವ್ವ ಮಾತಾಡಿದರೆ ಏನೂ ಆಗುತ್ತಿರಲಿಲ್ಲ. ಪಕ್ಕದ ಮನೆಯವರು ಮಾತಾಡಿದರೂ ಆಗುತ್ತಿರಲಿಲ್ಲ. ನೀಲವ್ವ ಅಣ್ಣನ ಜೊತೆ ಮಾತಾಡುವಾಗ ಮಾತ್ರ ಕಟ್. ನಾನು ಹೋಗಿ ಒಂದು ಎರಡು ಮೂರು ಹೇಳಿದೆ. ಸಾವಂತ ಗಾನಾ ಮತ್ ಗಾ ಎಂದ. ದೂರು ಮುಚ್ಚಿತು. ಮತ್ತೆ ಕರೆದರು. ವೈರ್ ಬದಲಿಸಿದೆ, ರಿಸೀವರ್ ಬದಲಿಸಿದೆ, ಪೆಟ್ಟಿಗೆಯನ್ನೇ ಬದಲಿಸಿದೆ. ಮತ್ತೆ ಒಂದು ಎರಡು ಮೂರು. ಮತ್ತೆ ಮುಚ್ಚಿತು.

ಹೊರಡುವಾಗ ಗಂಗವ್ವ ಹೇಳಿದರು, ‘ಅಣ್ಣಾರ, ಒಂದ್ ಮಾತು. ಮ್ಯಾಲಿನ ಮನ್ಯಾಗ ಟೈಲ್ಸ್ ಕೊರ್ಯಾಕ ಹತ್ತಿದ್ರಲ್ರಿ, ಆ ಎರಡು ದಿನ ಮಾತ್ರ ಫೋನ್ ಕಟ್ ಆಗಲಿಲ್ಲ ನೋಡ್ರಿ.’

ಆಫೀಸಿನಲ್ಲಿ ಇದನ್ನು ಹೇಳಿದಾಗ ಪಾಟಣಕರ್ ಸಾಹೇಬರು ಚಹಾ ಚೆಲ್ಲುವಷ್ಟು ನಕ್ಕರು.

ಮೂರನೆಯ ಸಲ ಹೋದಾಗ ನಗುವ ವಿಷಯ ಉಳಿದಿರಲಿಲ್ಲ. ದಹಿಸರದಿಂದ ನೀಲವ್ವ ಬಂದು ಕೂತಿದ್ದಳು. ಅವಳ ಕಾಲ ಬಳಿ ಒಂದು ಬ್ಯಾಗು, ಅದರಲ್ಲಿ ಅಣ್ಣನ ಬಟ್ಟೆ. ಬಸವರಾಜಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಊಟ ಅರ್ಧಕ್ಕೆ ಬಿಡುತ್ತಾರೆ, ಕೈ ವ್ಯಾಯಾಮಕ್ಕೆ ಏಳುವುದಿಲ್ಲ ಎಂದು ಗಂಗವ್ವ ಹೇಳಿದರು. ನೀಲವ್ವ ನನ್ನನ್ನು ಕಂಡದ್ದೇ ನ್ಯಾಯ ಒಪ್ಪಿಸಿದಳು.

‘ನೀವ ಹೇಳ್ರಿ. ವೈನಿ ಮಾತಾಡಿದ್ರ ಕಟ್ ಆಗೂದಿಲ್ಲ, ನಾ ಮಾತಾಡಿದ್ರ ಕಟ್ ಆಗತದ. ಫೋನಿಗೆ ನಾನು ನಾದಿನಿ ಅಂತ ಗೊತ್ತೈತೇನು? ಮಗ್ಗಲದಾಗ ನಿಂತು ಈಕಿನೇ ಒತ್ತತಾಳ. ಹಿಂದ ಒಮ್ಮೆ ನನ್ನ ಮಾರಿ ಮ್ಯಾಲೇ ಅಂದಾಳ, ಎಷ್ಟ್ ಮಾತಾಡ್ತಿ ಅಂತ.’

‘ಅಂದೀನಿ, ಇಲ್ಲ ಅನ್ನೂದಿಲ್ಲ’ ಎಂದರು ಗಂಗವ್ವ. ‘ಆದ್ರ ಕಟ್ ಮಾಡಿಲ್ಲ. ದೇವರಾಣಿ ಮಾಡಿಲ್ಲ.’

‘ಹಂಗಾರ ಯಾರು ಮಾಡ್ಯಾರ, ಅಣ್ಣ ಮಾಡ್ಯಾನೇನು? ನಾ ಅಂವನ್ನ ದಹಿಸರಕ್ಕ ಕರಕೊಂಡು ಹೋಗಾಕಿ. ಅಲ್ಲಿ ಫೋನೂ ಬ್ಯಾಡ, ಏನೂ ಬ್ಯಾಡ.’

ಗಂಗವ್ವ ನನ್ನ ಕಡೆ ನೋಡಿದರು. ಮದುವೆಯಾದಂದಿನಿಂದ ಜೊತೆಯಲ್ಲಿದ್ದ ಗಂಡನನ್ನು ಒಂದು ಕೆಟ್ಟ ಫೋನಿನ ದೆಸೆಯಿಂದ ಮನೆಯಿಂದ ಕರೆದೊಯ್ಯುತ್ತಿದ್ದಾರೆ, ಆ ಫೋನು ಸರಿಯಿದೆ ಎಂದು ಎರಡು ಸಲ ಬರೆದುಕೊಟ್ಟವನು ನಾನು.

ನೀಲವ್ವನೇ ಪರೀಕ್ಷೆ ಇಟ್ಟಳು. ತಾನು ಕೆಳಗೆ ಗೇಟಿನ ಹತ್ತಿರ ನಿಂತು ಮೊಬೈಲಿನಿಂದ ಫೋನ್ ಮಾಡುವುದು, ವೈನಿ, ಅಂದರೆ ಅತ್ತಿಗೆ, ಆಚೆ ಗೋಡೆಗೆ ಕೂರಬೇಕು, ಎರಡೂ ಕೈ ತೊಡೆಯ ಮೇಲಿರಬೇಕು, ಅದಕ್ಕೆ ಫೋನಿನವನಾದ ನಾನು ಸಾಕ್ಷಿ. ಗಂಗವ್ವ ಹೋಗಿ ಗೋಡೆಗೆ ಕೂತರು. ಶಾಲೆಯಲ್ಲಿ ಫೋಟೋ ತೆಗೆಸಿಕೊಳ್ಳುವವರ ಹಾಗೆ ಕೈ ತೊಡೆಯ ಮೇಲಿಟ್ಟುಕೊಂಡರು. ಗಂಟೆ ಹೊಡೆಯಿತು. ಬಸವರಾಜಪ್ಪ ಎದ್ದು ಕೂತು ರಿಸೀವರ್ ಕಿವಿಗಿಟ್ಟುಕೊಂಡರು. ಆ ತುದಿಯಿಂದ ನೀಲವ್ವನ ಮಾತು ಸಣ್ಣಗೆ ಕೇಳುತ್ತಿತ್ತು. ಅವರ ಮುಖ ಅರಳಿತು. ಇನ್ನೂ ಪೂರ್ತಿ ಅರಳಿರಲಿಲ್ಲ, ಕಟ್.

ನೀಲವ್ವ ಏದುಸಿರು ಬಿಡುತ್ತ ಮೇಲೆ ಬಂದಳು. ‘ಯಾರು ಮಾಡಿದ್ರು?’

‘ಯಾರೂ ಇಲ್ಲ ತಾಯಿ. ಇವರ ಕೈ ಅಲ್ಲೇ ಇತ್ತು, ನಾನು ನೋಡಿದೆ’ ಎಂದೆ. ‘ಇನ್ನೊಂದು ಸಲ ಹೋಗಿ ಮಾಡಿ. ಈಗ ನಾನು ಹಿಡ್ಕೋತೀನಿ.’

ಈ ಸಲ ಒಂದು ಎರಡು ಮೂರು ಎನ್ನಲಿಲ್ಲ. ಬಸವರಾಜಪ್ಪನವರ ಹಾಗೆಯೇ ಬಾಯಿ ಮುಚ್ಚಿ ಕೂತೆ. ನೀಲವ್ವ ಅತ್ತ ಕಡೆಯಿಂದ ‘ಕೇಳಾಕತ್ತೀರೇನು? ಮಾತಾಡ್ರಲ್ಲ’ ಎಂದು ಬಯ್ಯುತ್ತಿರುವಾಗಲೇ ಕಟ್. ಮೂರನೆಯ ಬಾರಿ ಅವಳ ಬೈಗುಳಕ್ಕೆಲ್ಲ ನಡುನಡುವೆ ‘ಹೂಂ, ಹೂಂ’ ಎಂದೆ. ಅವಳಿಗೆ ಉಸಿರು ಸೋತಿತೇ ಹೊರತು ಫೋನು ಕಟ್ ಆಗಲಿಲ್ಲ.

ಅಲ್ಲಿಗೆ ಅರ್ಥವಾಯಿತು. ಕಂಪನಿ ಖರ್ಚು ತಗ್ಗಿಸಲೆಂದು ಎಲ್ಲ ಪೆಟ್ಟಿಗೆಗಳಲ್ಲೂ ಒಂದು ಹೊಸ ಸೆಟ್ಟಿಂಗಿಗೆ ಟಿಕ್ ಹಾಕಿತ್ತು: ಈ ತುದಿಯಲ್ಲಿ ಸದ್ದಿಲ್ಲದಿದ್ದರೆ ಆ ಕಡೆಗೆ ಏನನ್ನೂ ಕಳಿಸಬೇಡ. ಹೆಡ್ ಆಫೀಸಿನ ಯಂತ್ರಕ್ಕೆ ಇನ್ನೊಂದು ನಿಯಮವಿತ್ತು: ಯಾವುದಾದರೂ ತುದಿಯಿಂದ ಅರ್ಧ ನಿಮಿಷ ಏನೂ ಬಾರದಿದ್ದರೆ ಆ ಲೈನು ಸತ್ತಿದೆ ಎಂದು ತಿಳಿದು ಕಡಿ. ಎರಡೂ ಬುದ್ಧಿವಂತ ನಿಯಮಗಳೇ. ಎರಡನ್ನೂ ಬರೆದವರು, ಸುಮ್ಮನೆ ಕೂತು ಕೇಳುವವನೊಬ್ಬ ಈ ಊರಿನಲ್ಲಿ ಇರಬಹುದೆಂದು ಅಂದುಕೊಂಡಿರಲಿಲ್ಲ. ಟೈಲ್ಸ್ ಕೊರೆಯುವ ಸದ್ದನ್ನು ಪೆಟ್ಟಿಗೆ ಬಸವರಾಜಪ್ಪನವರ ಮಾತೆಂದೇ ತಿಳಿದಿತ್ತು.

ಟಿಕ್ ತೆಗೆದೆ. ಫೋನು ಸರಿಹೋಯಿತು. ನೀಲವ್ವ ಬ್ಯಾಗು ಬಿಚ್ಚಲಿಲ್ಲ, ಆದರೆ ಎತ್ತಿಕೊಂಡೂ ಹೋಗಲಿಲ್ಲ; ಅದನ್ನು ಅಲ್ಲೇ ಬಿಟ್ಟು ಒಬ್ಬಳೇ ದಹಿಸರಕ್ಕೆ ಹೋದಳು. ಮರುದಿನ ಬೆಳಗ್ಗೆ ಮತ್ತೆ ಕಟ್. ದಿನಾ ಬೆಳಗಾಗುವುದರೊಳಗೆ ಹೆಡ್ ಆಫೀಸಿನಿಂದ ಎಲ್ಲ ಪೆಟ್ಟಿಗೆಗಳಿಗೂ ಸೆಟ್ಟಿಂಗಿನ ಹೊಸ ಪ್ರತಿ ಇಳಿಯುತ್ತಿತ್ತು, ನಾನು ತೆಗೆದ ಟಿಕ್ಕನ್ನು ಅದು ನಿಷ್ಠೆಯಿಂದ ವಾಪಸು ಹಾಕಿತ್ತು. ಪಾಟಣಕರ್ ಸಾಹೇಬರ ಮುಂದೆ ನಿಂತೆ.

‘ಒಬ್ಬ ಗಿರಾಕಿಗೋಸ್ಕರ ಪಾಲಿಸಿ ಬದಲಾಗಲ್ಲ ಮೂರ್ತಿ’ ಎಂದರು. ‘ಗಿರಾಕಿಗೆ ಹೇಳು, ನಡುನಡುವೆ ಸ್ವಲ್ಪ ಮಾತಾಡಬೇಕು ಅಂತ.’

‘ಸಾಹೇಬ್, ಅವರಿಗೆ ಮಾತೇ ಬರೋಲ್ಲ.’

‘ಹಾಗಿದ್ರೆ ಅವರಿಗೆ ಫೋನ್ ಯಾಕೆ?’ ಎಂದು ಕೇಳಿ, ದೂರು ಮುಚ್ಚಿಸಿದರು.

ದಾರಿ ಕಂಡುಹಿಡಿದದ್ದು ಗಂಗವ್ವ. ಟೈಲ್ಸಿನ ಸದ್ದು ನಡೆಯುವುದಾದರೆ ಮಿಕ್ಸಿಯ ಸದ್ದೂ ನಡೆಯಬೇಕಲ್ಲ ಎಂದು, ನೀಲವ್ವನ ಫೋನು ಬಂದೊಡನೆ ಅಡುಗೆಮನೆಯಲ್ಲಿ ಮಿಕ್ಸಿ ಹಚ್ಚತೊಡಗಿದರು. ಸ್ವಲ್ಪ ತಿರುಗಿಸುವುದು, ಬಿಡುವುದು, ಮತ್ತೆ ತಿರುಗಿಸುವುದು. ಖಾಲಿ ತಿರುಗಿಸಿದರೆ ಸುಟ್ಟೀತೆಂದು ಶೇಂಗಾ ಹಾಕಿದರು, ಅಗಸಿ ಹಾಕಿದರು, ಗುರೆಳ್ಳು ಹಾಕಿದರು. ಆ ದಿನಗಳಲ್ಲಿ ಅವರ ಮನೆಗೆ ಹೋದವರೆಲ್ಲ ಚಟ್ನಿಪುಡಿ ಕಟ್ಟಿಸಿಕೊಂಡೇ ಬರಬೇಕಿತ್ತು. ನಮ್ಮ ಮನೆಯಲ್ಲಿ ಮೂರು ಡಬ್ಬಿ ತುಂಬಿತು. ಸೊಸೈಟಿಯ ಸೆಕ್ರೆಟರಿ ಬಂದು, ಇಲ್ಲೇನು ಮಸಾಲೆ ಕಾರ್ಖಾನೆ ನಡೆಯುತ್ತಿದೆಯೇ ಎಂದು ಕೇಳಿ, ಒಂದು ಪೊಟ್ಟಣ ಹಿಡಿದುಕೊಂಡು ಹೋದರು.

ಇಷ್ಟಾದರೂ ನೀಲವ್ವನ ಸಿಟ್ಟು ಇಳಿದಿರಲಿಲ್ಲ. ‘ನಾ ಮಾತಾಡೋ ಮುಂದನ ಈಕಿಗೆ ಮಿಕ್ಸಿ ಹಚ್ಚಬೇಕೇನು?’ ಎಂದು ಅಣ್ಣನಿಗೇ ಹೇಳುತ್ತಿದ್ದಳಂತೆ. ಅದು ಯಾತಕ್ಕೆಂದು ನಾನು ಫೋನ್ ಮಾಡಿ ವಿವರಿಸಿದೆ. ‘ತಿಳೀತ್ರಿ. ಆದ್ರೂ ಇಷ್ಟ್ ಜೋರಾಗಿ ಹಚ್ಚೂದು ಬ್ಯಾಡಾಗಿತ್ತು’ ಎಂದಳು.

ಅಷ್ಟರಲ್ಲಿ ಕಂಪನಿ ನಮ್ಮ ಆಫೀಸಿನ ಫೋನುಗಳಿಗೂ ಅದೇ ಪೆಟ್ಟಿಗೆ ಕೂಡಿಸಿತು. ಪಾಟಣಕರ್ ಸಾಹೇಬರಿಗೂ ಒಬ್ಬ ಸಾಹೇಬರಿದ್ದರು. ಅವರು ಸೋಮವಾರಕ್ಕೊಮ್ಮೆ ಫೋನಿನಲ್ಲಿ ಬಯ್ಯುವುದು ವಾಡಿಕೆ. ಬೈಗುಳ ಕೇಳುವಾಗ ಪಾಟಣಕರ್ ಸಾಹೇಬರ ಪದ್ಧತಿಯೆಂದರೆ ಎದ್ದು ನಿಲ್ಲುವುದು, ಕಣ್ಣು ಮುಚ್ಚುವುದು, ತುಟಿ ಬಿಗಿಯುವುದು. ಆ ಸೋಮವಾರ ಹಾಗೆಯೇ ನಿಂತರು. ಅರ್ಧ ನಿಮಿಷಕ್ಕೆ ಲೈನು ಕಡಿಯಿತು. ದೊಡ್ಡ ಸಾಹೇಬರು ಮತ್ತೆ ಮಾಡಿದರು, ಇನ್ನೂ ಜೋರಾಗಿ. ಇವರು ಇನ್ನೂ ಬಿಗಿಯಾಗಿ ತುಟಿ ಕಚ್ಚಿದರು. ಮತ್ತೆ ಕಡಿಯಿತು. ಮೂರನೆಯ ಸಲ ಮೊಬೈಲಿಗೇ ಬಂತು. ತಾವು ಮಾತಾಡುತ್ತಿರುವಾಗ ಎರಡೆರಡು ಸಲ ಫೋನ್ ಕುಕ್ಕಿದ ಕೈಕೆಳಗಿನವನನ್ನು ತಮ್ಮ ಜನ್ಮದಲ್ಲಿ ಕಂಡಿಲ್ಲವೆಂದು ಅವರು ಹೇಳಿದ್ದು ಹೊರಗೆ ನಮಗೆಲ್ಲ ಕೇಳಿಸಿತು.

ಸಾಹೇಬರು ಬೆವರು ಒರೆಸಿಕೊಂಡು ನನ್ನನ್ನು ಕರೆಸಿದರು. ನಾನು ಮೆಲ್ಲಗೆ ಹೇಳಿದೆ, ‘ನೀವೂ ನಡುನಡುವೆ ಸ್ವಲ್ಪ ಮಾತಾಡಬಹುದಿತ್ತು ಸಾಹೇಬ್.’

‘ಬಡೇ ಸಾಬ್ ಬೋಲ್ ರಹೇ ಹೋಂ ತೋ ಬೀಚ್ ಮೇ ಕೌನ್ ಬೋಲ್ತಾ ಹೈ?’ ಎಂದರು. ದೊಡ್ಡವರು ಮಾತಾಡುವಾಗ ನಡುವೆ ಯಾರು ಬಾಯಿ ಹಾಕುತ್ತಾರೆ ಎಂಬುದು ನ್ಯಾಯವಾದ ಪ್ರಶ್ನೆಯೇ. ಬದಲಾಗದ ಪಾಲಿಸಿ ಎರಡೇ ದಿನದಲ್ಲಿ ಬದಲಾಯಿತು. ಇಡೀ ಮುಂಬಯಿಯ ಪೆಟ್ಟಿಗೆಗಳಲ್ಲಿ ಆ ಟಿಕ್ ಹೋಯಿತು. ಪತ್ತೆಹಚ್ಚಿದ ಶ್ರೇಯಸ್ಸು ಪಾಟಣಕರ್ ಸಾಹೇಬರಿಗೆ ಸಿಕ್ಕಿತು. ನಾನು ಬೇಸರ ಮಾಡಿಕೊಳ್ಳಲಿಲ್ಲ, ಬೈಸಿಕೊಂಡವರು ಅವರೇ ತಾನೆ.

ಲಿಫ್ಟಿನ ಹುಡುಗಿಗೆ ಹೇಳಬೇಕಾದದ್ದು ಇಷ್ಟು: ಸೆಟ್ಟಿಂಗ್ ಮುಗಿಸಿ ಹಲೋ ಹಲೋ ಎಂದಾದ ಮೇಲೆ, ಕಿವಿಗೆ ರಿಸೀವರ್ ಇಟ್ಟುಕೊಂಡು ಒಂದು ನಿಮಿಷ ಸುಮ್ಮನೆ ಕೂರು ಮಗಳೇ. ಗಿರಾಕಿ ನಿನ್ನನ್ನು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಆಮೇಲೊಂದು ದಿನ ಗಂಗವ್ವ ನನಗೆ ಹೇಳಿದ್ದು. ನೀಲವ್ವನ ಬ್ಯಾಗು ಅಷ್ಟರಲ್ಲಿ ಖಾಲಿಯಾಗಿ ದಹಿಸರಕ್ಕೆ ವಾಪಸು ಹೋಗಿತ್ತು. ಬಸವರಾಜಪ್ಪನವರಿಗೆ ಕಟಿಂಗ್ ಮಾಡಲು ಮನೆಗೇ ನಾವಿ ಬಂದಿದ್ದ, ಬಾಲ್ಕನಿಯಲ್ಲಿ ಕೂರಿಸಿ ತಲೆಗೆ ನೀರು ಹಚ್ಚಿದ್ದ. ಆಗಲೇ ಫೋನು ಬಂತು. ಗಂಗವ್ವ ಎತ್ತಿದರು. ಅವರು ಬಾಯಿ ತೆರೆಯುವ ಮೊದಲೇ ನೀಲವ್ವ ಶುರು ಮಾಡಿಬಿಟ್ಟಿದ್ದಳು. ಆ ಮನೆಯಲ್ಲಿ ಫೋನ್ ಎತ್ತಿದವರು ಮಾತಾಡುತ್ತಾರೆಂದು ಅವಳು ಕಾಯುತ್ತಲೇ ಇರಲಿಲ್ಲ. ಮೊದಲು ನೀರಿನ ವಿಷಯ ಹೇಳಿದಳು, ಆಮೇಲೆ ಬದನೆಕಾಯಿ. ಆಮೇಲೆ ವೈನಿ. ವೈನಿಯ ಸಾರಿಗೆ ಹದವಿಲ್ಲ, ಅಣ್ಣ ಅದನ್ನು ಹೇಗೆ ಉಣ್ಣುತ್ತಾನೋ. ವೈನಿ ಮಾತು ಬಿಗಿ. ತಾನು ಮನೆಗೆ ಬಂದರೆ ಚಹಾ ಬೇಕೇ ಎಂದು ಕೇಳುವುದಕ್ಕೂ ತಡಮಾಡುತ್ತಾಳೆ. ಗಂಗವ್ವ ಕುರ್ಚಿ ಎಳೆದುಕೊಂಡು ಕೂತು ಎಲ್ಲವನ್ನೂ ಕೇಳಿದರು. ಕೊನೆಗೆ ನೀಲವ್ವ ಉಸಿರು ತೆಗೆದುಕೊಳ್ಳಲು ನಿಂತಾಗ ಹೇಳಿದರು:

‘ನೀಲವ್ವಾ, ನಿಮ್ಮಣ್ಣಾರು ಕಟಿಂಗಿಗೆ ಕುಂತಾರ. ಮುಂದ ಹೇಳು, ನಾ ಕೇಳಾಕತ್ತೀನಿ.’

ಆ ಕಡೆ ಬಹಳ ಹೊತ್ತು ಮಾತಿರಲಿಲ್ಲ. ಈ ಕಡೆಯೂ ಇರಲಿಲ್ಲ. ಲೈನು ಕಟ್ ಆಗಲಿಲ್ಲ. ಆಮೇಲೆ ನೀಲವ್ವ, ಅಗಸಿ ಚಟ್ನಿಗೆ ಬೆಳ್ಳುಳ್ಳಿ ಹಸೀದು ಹಾಕಬೇಕೋ ಹುರಿದು ಹಾಕಬೇಕೋ ಎಂದು ಕೇಳಿದಳು.